ಮನೆ ಮಾರುವ ಜಾಹೀರಾತಿಗೆ ಎಷ್ಟು ಬಣ್ಣ ಹಚ್ಚಬಹುದು? ಗೆರೆ ಎಲ್ಲಿದೆ?

ಹೊಸ_ಏಜೆಂಟ್:

ಎಲ್ಲರಿಗೂ ನಮಸ್ಕಾರ. ಮನೆ, ಫ್ಲಾಟು ಕೊಡಿಸುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ನನಗೆ ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುತ್ತದೆ ಅಂತ ಗೊತ್ತಾದ ದಿನದಿಂದ ಆಫೀಸಿನ ಜಾಹೀರಾತೆಲ್ಲ ನನ್ನ ತಲೆಗೇ ಕಟ್ಟಿದ್ದಾರೆ. ಪೋರ್ಟಲ್‌ಗೆ ಹಾಕುವ ಲಿಸ್ಟಿಂಗು, ವಾಟ್ಸಾಪ್ ಸ್ಟೇಟಸ್ಸು, ರೀಲ್ ಕೆಳಗಿನ ಸಾಲು, ಎಲ್ಲ ನಾನೇ.

ಮೊನ್ನೆ ಎರಡು ಬೆಡ್‌ರೂಮಿನ ಒಂದು ಫ್ಲಾಟು ಬಂತು. ಮೂರನೇ ಮಹಡಿ. ಅಚ್ಚುಕಟ್ಟಾದ ಮನೆ, ಸುಳ್ಳಲ್ಲ. ಆದರೆ ಹಾಲ್ ಕಿಟಕಿ ತೆಗೆದರೆ ಎದುರಿಗೇ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಸಿಗುತ್ತದೆ ಅಂದರೆ ಸ್ವಲ್ಪ ಜಾಸ್ತಿಯಾಯಿತು, ಪೊರಕೆ ಹಿಡಿದು ಚಾಚಿದರೆ ಸಿಗುತ್ತದೆ. ಆ ಗೋಡೆಗೆ ಬಿಳಿ ಬಣ್ಣ. ನಮ್ಮ ಸೀನಿಯರ್ ಪರದೆಯನ್ನು ಅರ್ಧ ಎಳೆದು, ಸರಿಯಾಗಿ ಬಿಸಿಲು ಬಿದ್ದ ಹೊತ್ತು ನೋಡಿ ಓರೆಯಾಗಿ ಫೋಟೋ ತೆಗೆದರು. ಫೋಟೋದಲ್ಲಿ ಕಿಟಕಿಯಾಚೆ ಬರೀ ಬೆಳಕು, ಆಕಾಶವೇ ಇದ್ದ ಹಾಗೆ. ಕೆಳಗೆ 'ಧಾರಾಳ ಗಾಳಿ ಬೆಳಕು, ತೆರೆದ ನೋಟ' ಅಂತ ಬರೆ ಅಂದರು. ಬರೆದೆ. ಆಮೇಲೆ ಯಾಕೋ ಮನಸ್ಸಿಗೆ ಒಗ್ಗಲಿಲ್ಲ, ಇನ್ನೂ ಹಾಕಿಲ್ಲ.

ಇದೊಂದೇ ಅಲ್ಲ. ಮಾರಿಹೋದ ಮನೆಯ ಲಿಸ್ಟಿಂಗನ್ನು ತೆಗೆಯಬೇಡ, ಫೋನ್ ಬರುತ್ತಿರಲಿ, ಬಂದವರಿಗೆ ಬೇರೆ ತೋರಿಸೋಣ ಅನ್ನುತ್ತಾರೆ. ಎಲ್ಲದಕ್ಕೂ 'ಒಂದೇ ಉಳಿದಿದೆ' ಅಂತ ಸೇರಿಸಬೇಕು. ಸೀಲಿಂಗ್ ಸೋರಿದ ಕಲೆಯನ್ನು ಆ್ಯಪಿನಲ್ಲಿ ಒರೆಸಿಬಿಡಬೇಕು. ಒಬ್ಬ ಓನರ್ ಅಂತೂ 'ಇಂಥವರಿಗೆ ಮಾತ್ರ' ಅಂತ ಜಾಹೀರಾತಿನಲ್ಲೇ ಹಾಕಿ ಅನ್ನುತ್ತಿದ್ದಾರೆ. ಇದೆಲ್ಲ ಸರಿನಾ ಸಾರ್ ಅಂತ ಕೇಳಿದ್ದಕ್ಕೆ ನಮ್ಮ ಸೀನಿಯರ್, 'ಜಾಹೀರಾತು ಅಂದರೆ ಅಫಿಡವಿಟ್ಟೇನಯ್ಯಾ?' ಅಂದರು. ಉತ್ತರ ಹೊಳೆಯಲಿಲ್ಲ.

ಎಲ್ಲಿಯವರೆಗೆ ಹೊಗಳಿಕೆ, ಎಲ್ಲಿಂದ ಸುಳ್ಳು? ನಾಳೆ ಯಾರಾದರೂ ದೂರು ಕೊಟ್ಟರೆ ಸಿಕ್ಕಿಹಾಕಿಕೊಳ್ಳುವವರು ಯಾರು, ಬರೆದ ನಾನಾ, ಬರೆಸಿದವರಾ, ಮನೆ ಓನರ್ರಾ? ಅನುಭವ ಇರುವವರು ದಯವಿಟ್ಟು ಹೇಳಿ. ಕೆಲಸ ಬಿಡು ಅಂತ ಮಾತ್ರ ಹೇಳಬೇಡಿ, ಬಿಡುವ ಸ್ಥಿತಿಯಲ್ಲಿಲ್ಲ.

ಹಳೇ_ದಲ್ಲಾಳಿ:

ತಮ್ಮಾ, ಹಾಕದೆ ಇಟ್ಟುಕೊಂಡಿದ್ದೀಯಲ್ಲ, ಒಳ್ಳೆಯದು ಮಾಡಿದೆ. ಈ ಕಸುಬಿನಲ್ಲಿ ನನಗೆ ಹದಿನೆಂಟು ವರ್ಷ. ನಿನ್ನ ಸೀನಿಯರ್ ಹೇಳುವುದನ್ನೆಲ್ಲ ಒಂದು ಕಾಲದಲ್ಲಿ ನಾನೂ ಮಾಡಿದವನೇ, ಹಾಗಾಗಿ ಬುದ್ಧಿ ಹೇಳುವ ಯೋಗ್ಯತೆ ನನಗೆ ಅರ್ಧವೇ ಇದೆ ಅಂದುಕೋ.

ನಾನು ನೋಡುವುದು ಇಷ್ಟೇ. ಪಾರ್ಟಿ, ಅಂದರೆ ಮನೆ ನೋಡಲು ಬಂದವರು, ಬಾಗಿಲಲ್ಲಿ ನಿಂತು, ಕೈಯಲ್ಲಿ ಫೋನ್ ಹಿಡಿದು, ನನ್ನ ಜಾಹೀರಾತಿನ ಸಾಲು ಓದಿ 'ಇದೆಲ್ಲಿದೆ ತೋರಿಸಿ' ಅಂದರೆ ನಾನು ಬೆರಳು ಮಾಡಿ ತೋರಿಸಲು ಆಗಬೇಕು. 'ಮುದ್ದಾದ ಮನೆ' ಅಂದರೆ ಯಾರೂ ತೋರಿಸಿ ಅನ್ನುವುದಿಲ್ಲ. ಅದು ನನ್ನ ಅನಿಸಿಕೆ, ಅವರಿಗೆ ಮುದ್ದು ಅನ್ನಿಸದಿದ್ದರೆ ಅವರಿಷ್ಟ. 'ತೆರೆದ ನೋಟ' ಅಂದರೆ ತೋರಿಸಲೇಬೇಕು, ನಿನ್ನ ಫ್ಲಾಟಿನಲ್ಲಿ ಏನು ತೋರಿಸುತ್ತೀಯ, ಗೋಡೆಯ ಬಣ್ಣವನ್ನಾ? 'ಬಸ್ ನಿಲ್ದಾಣಕ್ಕೆ 5 ನಿಮಿಷ' ಅಂದರೆ ನಡೆಸಿ ತೋರಿಸಬೇಕು. ಈ 5 ನಿಮಿಷದ ಕಥೆ ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತು, ಭಾನುವಾರ ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಬೈಕ್ ಓಡಿಸಿ ಲೆಕ್ಕ ಹಾಕಿದ 5 ನಿಮಿಷ ಅದು. ನಾನೀಗ ನಿಮಿಷ ಬರೆಯುವುದನ್ನೇ ಬಿಟ್ಟಿದ್ದೇನೆ. ನಡೆದು ಹೋಗುವ ದಾರಿ ಎಷ್ಟು ಮೀಟರ್ ಅಂತ ಹಾಕುತ್ತೇನೆ. ಮ್ಯಾಪಿನ ಮೇಲೆ ಗೆರೆ ಎಳೆದು ಅಳೆದದ್ದಲ್ಲ, ದಾರಿಯ ದೂರ.

ಇನ್ನು ಫೋಟೋ. ಮೊಬೈಲ್ ಕ್ಯಾಮೆರಾದಲ್ಲಿ 0.5, ಅಂದರೆ ಅಗಲ ಜಾಸ್ತಿ ಹಿಡಿಯುವ ಲೆನ್ಸ್, ಒತ್ತಿದರೆ ಹತ್ತಡಿ ರೂಮು ಸಭಾಂಗಣ ಆಗುತ್ತದೆ, ಅದು ನಿನಗೂ ಗೊತ್ತಿರುತ್ತದೆ. ಒಮ್ಮೆ ಹಾಗೇ ತೆಗೆದು ಹಾಕಿದ್ದೆ. ಹಾಲ್‌ನ ಗೋಡೆಯಲ್ಲಿ ದುಂಡಗಿನ ಗಡಿಯಾರ ಇತ್ತು, ಫೋಟೋದ ಅಂಚಿಗೆ ಬಂದು ಎಳೆದು ಕೋಳಿಮೊಟ್ಟೆ ಆಗಿತ್ತು. ನಾನು ಗಮನಿಸಿರಲಿಲ್ಲ. ಮನೆ ನೋಡಲು ಬಂದ ಹಿರಿಯರೊಬ್ಬರು ಒಂದು ಮಾತೂ ಆಡದೆ, ಫೋನಿನಲ್ಲಿ ಆ ಗಡಿಯಾರವನ್ನು ದೊಡ್ಡದು ಮಾಡಿ ನನ್ನ ಮುಖದ ಮುಂದೆ ಹಿಡಿದರು. ಆಮೇಲೆ ಗೋಡೆ ಮೇಲಿನ ಗಡಿಯಾರ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಬೆಳಕು ಸರಿ ಮಾಡಿಕೋ, ಓರೆಯಾದ ಫೋಟೋವನ್ನು ನೆಟ್ಟಗೆ ಮಾಡಿಕೋ, ಒಣಗಿಹಾಕಿದ ಬಟ್ಟೆ ತೆಗೆಸಿ ಫೋಟೋ ತೆಗೆ, ಅದು ಯಾವುದೂ ತಪ್ಪಲ್ಲ. ಆದರೆ ಕೀಲಿ ಕೈಗೆ ಬಂದಮೇಲೂ ಮನೆಯಲ್ಲೇ ಇರುವ ವಸ್ತುವನ್ನು ಅಳಿಸಬೇಡ. ಕಲೆ, ಬಿರುಕು, ಕಿಟಕಿ ಮುಂದೆ ಹಾದುಹೋದ ಕರೆಂಟ್ ತಂತಿ, ಎದುರಿನ ಗೋಡೆ. ಖಾಲಿ ಮನೆಗೆ ಕಂಪ್ಯೂಟರಿನಲ್ಲಿ ಸೋಫಾ ಕೂರಿಸುತ್ತಾರಲ್ಲ, ಅದಕ್ಕೆ ಆ ಫೋಟೋದ ಮೇಲೇ 'ಪೀಠೋಪಕರಣ ಕಂಪ್ಯೂಟರಿನಲ್ಲಿ ಸೇರಿಸಿದ್ದು' ಅಂತ ಬರೆದು, ಪಕ್ಕದಲ್ಲಿ ಖಾಲಿ ರೂಮಿನ ಫೋಟೋನೂ ಹಾಕು. ಇದರಲ್ಲೂ ಒಂದು ಕಿತಾಪತಿ ಇದೆ, ಸೋಫಾವನ್ನೇ ಸ್ವಲ್ಪ ಚಿಕ್ಕದಾಗಿ ಕೂರಿಸಿದರೆ ರೂಮು ತಾನಾಗಿಯೇ ದೊಡ್ಡದಾಗಿ ಕಾಣುತ್ತದೆ. ಮಾಡಿದವರನ್ನು ನೋಡಿದ್ದೇನೆ.

ಮಾರಿಹೋದ ಮನೆಯ ಲಿಸ್ಟಿಂಗ್ ಇವತ್ತೇ ತೆಗೆ. ಅದಕ್ಕೆ ಚರ್ಚೆ ಬೇಡ.

ಕರಿಕೋಟು:

ನಾನು ವಕೀಲ. ಮೇಲಿನವರು ಅನುಭವದಿಂದ ಹೇಳಿದ್ದನ್ನೇ ಕಾನೂನು ತನ್ನ ಭಾಷೆಯಲ್ಲಿ ಹೇಳುತ್ತದೆ. ದೇಶ ದೇಶಕ್ಕೆ ಕಾಯ್ದೆ ಬೇರೆ, ನನಗೆ ಗೊತ್ತಿರುವುದು ಭಾರತದ್ದು, ಅದನ್ನೇ ಹೇಳುತ್ತೇನೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ದಾರಿ ತಪ್ಪಿಸುವ ಜಾಹೀರಾತು' ಅಂದರೆ ಏನು ಅಂತ ಹೇಳಿದ್ದಾರೆ. ಸುಳ್ಳು ವರ್ಣನೆ, ಸುಳ್ಳು ಭರವಸೆ ಅಷ್ಟೇ ಅಲ್ಲ. ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಅದರೊಳಗೆ ಬರುತ್ತದೆ. 'ನಾನು ಸುಳ್ಳು ಬರೆದಿಲ್ಲ, ಹೇಳಲಿಲ್ಲ ಅಷ್ಟೇ' ಅಂತ ವಾದ ಮಾಡಲು ಬರುವವರಿಗೆ ನಾನು ಮೊದಲು ತೋರಿಸುವುದೇ ಈ ಸಾಲು. ಅರ್ಧ ಎಳೆದ ಪರದೆ ಯಾವ ಗುಂಪಿಗೆ ಸೇರುತ್ತದೆ ಅಂತ ನೀವೇ ಯೋಚಿಸಿ.

2022ರ ಜೂನ್‌ನಲ್ಲಿ ಇದೇ ಕಾಯ್ದೆಯಡಿ ಜಾಹೀರಾತಿಗೆ ಮಾರ್ಗಸೂಚಿ ಬಂತು. ಅದರಲ್ಲಿ ನಿಮಗೆ ಬೇಕಾದದ್ದು ಎರಡು. ಒಂದು, ಗಾಳದ ಜಾಹೀರಾತು. ಹೇಳಿದ ಬೆಲೆಗೆ ಕೊಡುವ ಸಾಧ್ಯತೆಯೇ ಇಲ್ಲದೆ ಜನರನ್ನು ಎಳೆಯಲು ಮಾತ್ರ ಹಾಕುವುದಕ್ಕೆ ಅವಕಾಶವಿಲ್ಲ. ಮಾರಿಹೋದ ಮನೆಯನ್ನು ಕೊಡುವ ಸಾಧ್ಯತೆ ಎಲ್ಲಿಂದ ಬರಬೇಕು? ಇನ್ನೊಂದು, ನಕ್ಷತ್ರದ ಗುರುತು ಹಾಕಿ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಷರತ್ತು ಬರೆಯುತ್ತಾರಲ್ಲ, ಆ ಅಭ್ಯಾಸ. ಮೇಲೆ ಯಾವ ಭಾಷೆಯಲ್ಲಿ, ಯಾವ ಅಕ್ಷರದಲ್ಲಿ ಹೇಳಿದ್ದೀರೋ ಷರತ್ತೂ ಅದರಲ್ಲೇ ಇರಬೇಕು. ಮೇಲೆ ಸುಳ್ಳು ಹೇಳಿ ಕೆಳಗಿನ ಷರತ್ತಿನಲ್ಲಿ ತಿದ್ದಿಕೊಳ್ಳುವುದೂ ನಡೆಯುವುದಿಲ್ಲ. ದಂಡ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ಹೋಗಬಹುದು. ರೀಲ್ ಮಾಡಿ ಹೊಗಳುವವರು ದುಡ್ಡು ಪಡೆದಿದ್ದರೆ ಅದನ್ನು ಹೇಳಬೇಕು. ದಾರಿ ತಪ್ಪಿಸಿದರೆ ಅವರಿಗೂ ದಂಡ, ಜೊತೆಗೆ ಒಂದು ವರ್ಷ ಬೇರೆ ಯಾವುದನ್ನೂ ಹೊಗಳದಂತೆ ನಿಷೇಧ ಹಾಕಬಹುದು.

'ಒಂದೇ ಉಳಿದಿದೆ' ಅನ್ನುವುದಕ್ಕೂ ಹೆಸರಿದೆ, ಸುಳ್ಳು ಅವಸರ. ಆನ್‌ಲೈನ್ ವೇದಿಕೆಗಳಲ್ಲಿ ಮಾಡಬಾರದ 13 ತಂತ್ರಗಳ ಪಟ್ಟಿ 2023ರ ನವೆಂಬರ್‌ನಲ್ಲಿ ಬಂತು, ಅದರಲ್ಲಿ ಮೊದಲನೆಯದೇ ಇದು. ನಿಜವಾಗಿ ಒಂದೇ ಉಳಿದಿದ್ದರೆ ಧಾರಾಳವಾಗಿ ಹಾಕಿ.

ಈಗ ರೇರಾ, ಅಂದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆ. ಇದು ಮುಖ್ಯವಾಗಿ ಬಿಲ್ಡರ್ ಪ್ರಾಜೆಕ್ಟುಗಳಿಗೆ ಸಂಬಂಧಪಟ್ಟದ್ದು. ಹೊಸಬರು ಎಡವುವುದು ಇಲ್ಲೇ. ಜಾಹೀರಾತು ಅಂದರೆ ಪೇಪರಿನಲ್ಲಿ ಬಂದದ್ದು ಮಾತ್ರ ಅಂದುಕೊಳ್ಳುತ್ತಾರೆ. ಕಾಯ್ದೆ ಹೇಳುವುದು ಯಾವುದೇ ಮಾಧ್ಯಮ, ಯಾವುದೇ ರೂಪದ ಪ್ರಚಾರ. ನಿಮ್ಮ ವಾಟ್ಸಾಪ್ ಸ್ಟೇಟಸ್ಸೂ ಜಾಹೀರಾತೇ. ನೋಂದಣಿ ಆಗಬೇಕಾದ ಪ್ರಾಜೆಕ್ಟು ನೋಂದಣಿ ಆಗುವ ಮೊದಲೇ 'ಪ್ರೀ ಲಾಂಚ್ ಆಫರ್, ನಮ್ಮವರಿಗೆ ಮಾತ್ರ' ಅಂತ ಬಿಲ್ಡರ್ ಕಡೆಯಿಂದ ಒಂದು ಚಿತ್ರ ಬರುತ್ತದೆ, ಏಜೆಂಟರು ಕಣ್ಣು ಮುಚ್ಚಿ ಫಾರ್ವರ್ಡ್ ಮಾಡುತ್ತಾರೆ. ಬಿಲ್ಡರ್ ಮೂರನೇ ಸೆಕ್ಷನ್‌ಗೆ ಸಿಕ್ಕಿದರೆ ಏಜೆಂಟು ಹತ್ತನೇ ಸೆಕ್ಷನ್‌ಗೆ. ಅದೇ ಹತ್ತರಲ್ಲಿ ಇನ್ನೂ ಇದೆ. ಇಲ್ಲದ ಅನುಮೋದನೆ ಇದೆ ಅನ್ನಬಾರದು, ಕೊಡುವ ಉದ್ದೇಶವೇ ಇಲ್ಲದ ಸೌಲಭ್ಯವನ್ನು ಜಾಹೀರಾತಿನಲ್ಲಿ ಹಾಕಬಾರದು. ತಪ್ಪಿದರೆ ಏಜೆಂಟಿಗೆ ದಿನಕ್ಕೆ 10,000 ರೂಪಾಯಿ, ಒಟ್ಟು ಆ ಆಸ್ತಿಯ ಬೆಲೆಯ ಶೇಕಡಾ 5ರವರೆಗೆ. ದಿನಕ್ಕೆ ಅನ್ನುವುದನ್ನು ಇನ್ನೊಮ್ಮೆ ಓದಿಕೊಳ್ಳಿ. ಪ್ರಾಜೆಕ್ಟಿನ ನೋಂದಣಿ ಸಂಖ್ಯೆ, ರೇರಾ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಜಾಹೀರಾತಿನಲ್ಲಿ ಎದ್ದು ಕಾಣಬೇಕು. ಏಜೆಂಟಿಗೂ ತನ್ನದೇ ನೋಂದಣಿ ಬೇಕು. 12ನೇ ಸೆಕ್ಷನ್ ಕೂಡ ಗೊತ್ತಿರಲಿ. ಜಾಹೀರಾತು ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು, ಖರೀದಿದಾರರು ಹಿಂದೆ ಸರಿದರೆ ಪೂರ್ತಿ ಹಣ ಬಡ್ಡಿ ಸಮೇತ ವಾಪಸ್. ನಿಮ್ಮ ಸೀನಿಯರ್ ಪ್ರಶ್ನೆಗೆ ಇದೇ ಉತ್ತರ ಅನ್ನಿ. ಅಫಿಡವಿಟ್ ಅಲ್ಲ, ಆದರೆ ಸಾಕ್ಷಿ ಹೌದು. ಸ್ಕ್ರೀನ್‌ಶಾಟ್ ತೆಗೆಯಲು ಎರಡು ಸೆಕೆಂಡ್ ಸಾಕು.

ಯಾರು ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಕೇಳಿದಿರಿ. ನೋಟಿಸ್ ಬರುವುದು ಸಾಮಾನ್ಯವಾಗಿ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರಿಗೆ, ಕಂಪನಿ ಆದರೆ ಕಂಪನಿಗೆ ಮತ್ತು ವ್ಯವಹಾರದ ಹೊಣೆ ಹೊತ್ತವರಿಗೆ. ಹಾಗಂತ ನೀವು ನೆಮ್ಮದಿಯಾಗಿ ಇರಬೇಡಿ, ವಿಚಾರಣೆಯಲ್ಲಿ 'ಬರೆದವನು ಅವನು' ಅಂತ ಬೆರಳು ತಿರುಗುವುದು ನಿಮ್ಮ ಕಡೆಗೇ. ಮನೆಯ ವಿವರವನ್ನು ಓನರ್ ಹತ್ತಿರ ಬರಹದಲ್ಲಿ ತೆಗೆದುಕೊಳ್ಳಿ, ಜಾಹೀರಾತು ಹಾಕಲು ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯಿರಿ. ಬೇರೆ ಏಜೆಂಟಿನ ಲಿಸ್ಟಿಂಗಿನಿಂದ ಫೋಟೋ ಎತ್ತಬೇಡಿ, ಕಾಪಿರೈಟ್ ಅನ್ನುವುದು ಮನೆ ಫೋಟೋಗೂ ಇದೆ. ಸೀನಿಯರ್ ಬರೆಸಿದ್ದಕ್ಕೆ ಒಪ್ಪಿಗೆ ಇಲ್ಲದಿದ್ದರೆ ಬಾಯಲ್ಲಿ ಜಗಳ ಬೇಡ, 'ಈ ಸಾಲು ಹೀಗೆ ಬದಲಿಸಲೇ ಸಾರ್' ಅಂತ ಒಂದು ಮೆಸೇಜ್ ಹಾಕಿ ಇಟ್ಟುಕೊಳ್ಳಿ.

ಟೇಪು_ಹಿಡಿದವಳು:

ನಾನು ಕೊಳ್ಳುವ ಕಡೆಯವಳು. ಏಜೆಂಟರ ಮಾತುಕತೆಯಲ್ಲಿ ಮೂಗು ತೂರಿಸುತ್ತಿದ್ದೇನೆ, ಕ್ಷಮಿಸಿ.

ಒಂದೂವರೆ ವರ್ಷ ಮನೆ ಹುಡುಕಿದೆವು. ಪ್ರತಿ ಸಲ ಅರ್ಧ ದಿನ ರಜೆ, ಮಗುವನ್ನು ಯಾರ ಬಳಿಯೋ ಬಿಟ್ಟು ಓಡುವುದು. ಅಷ್ಟು ಮಾಡಿಕೊಂಡು ಹೋದರೆ 'ಅಯ್ಯೋ ಮೇಡಂ, ಅದು ಈಗ ತಾನೇ ಹೋಯಿತು, ಅದೇ ಥರದ್ದು ಇನ್ನೊಂದಿದೆ ಬನ್ನಿ.' ಮೊದಲ ಸಲ ನಂಬಿದೆ. ನಾಲ್ಕನೇ ಸಲ ಅದೇ ಫೋಟೋ, ಅದೇ ಹಸಿರು ಪರದೆ, ಬೇರೆ ಏಜೆಂಟ್ ಹೆಸರಿನಲ್ಲಿ ಬಂದಾಗ ನಗು ಬಂತು. ಇನ್ನೊಂದು ಕಡೆ 'ಕೆರೆ ನೋಟ' ಅಂತ ಇತ್ತು. ಕೆರೆ ಇತ್ತು, ಇಲ್ಲ ಅನ್ನುವುದಿಲ್ಲ. ಬಟ್ಟೆ ಒಗೆಯುವ ಕಡೆ ಹೋಗಿ, ವಾಷಿಂಗ್ ಮೆಷಿನ್ ಪಕ್ಕ ಓರೆಯಾಗಿ ನಿಂತು, ಕತ್ತು ಹೊರಗೆ ಹಾಕಿದರೆ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಗೇಣು ನೀರು ಕಾಣುತ್ತಿತ್ತು. ಆ ಹುಡುಗ ಎಷ್ಟು ಹುರುಪಿನಿಂದ ತೋರಿಸಿದ ಅಂದರೆ ನನಗೇ ಪಾಪ ಅನ್ನಿಸಿತು.

ನಾನು ಹೇಳಬೇಕಾದದ್ದು ಅಳತೆಯ ವಿಷಯ, ಅದನ್ನು ಇಲ್ಲಿ ಯಾರೂ ಎತ್ತಲಿಲ್ಲ. ನಾವು ಕೊನೆಗೆ ಕೊಂಡ ಫ್ಲಾಟಿನ ಜಾಹೀರಾತಿನಲ್ಲಿ 1,200 ಚದರಡಿ ಅಂತ ದಪ್ಪಕ್ಷರ. ಅದು ಸೂಪರ್ ಬಿಲ್ಟ್ ಅಪ್, ಅಂದರೆ ಮೆಟ್ಟಿಲು, ಲಿಫ್ಟು, ಕಾರಿಡಾರು, ಕೆಳಗಿನ ಲಾಬಿ ಎಲ್ಲದರಲ್ಲೂ ನಮ್ಮ ಪಾಲು ಸೇರಿಸಿದ ಲೆಕ್ಕ. ಸೋಫಾ ತರುವ ಮೊದಲು ನಾನೂ ನನ್ನ ತಂಗಿಯೂ ಟೇಪು ಹಿಡಿದು ಕೂತೆವು. ರೂಮು ರೂಮು ಕೂಡಿಸಿದರೆ 850 ದಾಟಲಿಲ್ಲ. ತಂಗಿ ಎರಡು ಸಲ ಕೂಡಿಸಿದಳು, ನನ್ನ ಲೆಕ್ಕದ ಮೇಲೆ ಅವಳಿಗೆ ಮೊದಲಿನಿಂದಲೂ ನಂಬಿಕೆಯಿಲ್ಲ. ಅಷ್ಟೇ ಬಂತು. ಕಾರ್ಪೆಟ್ ಏರಿಯಾ ಅಂದರೆ ಏನು ಅಂತ ಆಗ ಓದಿದೆ. ಮನೆಯೊಳಗೆ ನಿಜವಾಗಿ ಬಳಸುವ ನೆಲ. ಒಳಗಿನ ಅಡ್ಡಗೋಡೆಗಳು ಸೇರುತ್ತವೆ, ಹೊರಗೋಡೆ, ಬಾಲ್ಕನಿ, ಪೈಪಿನ ಶಾಫ್ಟ್ ಸೇರುವುದಿಲ್ಲ. ಅದನ್ನು ಜಾಹೀರಾತಿನಲ್ಲಿ ಮೊದಲು ಹಾಕಿದ್ದರೆ ನಾವು ಬೇರೆ ನೋಡುತ್ತಿದ್ದೆವೋ ಇಲ್ಲವೋ, ಅದು ಬೇರೆ ಮಾತು. ಕನಿಷ್ಠ ಡೈನಿಂಗ್ ಟೇಬಲ್ ಆರು ಕುರ್ಚಿಯದ್ದು ತರುತ್ತಿರಲಿಲ್ಲ. ಎರಡು ಕುರ್ಚಿ ಈಗಲೂ ಬಾಲ್ಕನಿಯಲ್ಲಿವೆ.

ಟಾರ್ಗೆಟ್_ಬಾಬು:

ಎಲ್ಲ ಸರಿ ಸ್ವಾಮಿ. ಆದರೆ ತಿಂಗಳ ಕೊನೆಗೆ ಟಾರ್ಗೆಟ್ ಕೇಳುವವರು ನಿಮ್ಮ ಸೆಕ್ಷನ್ ಓದಿರುವುದಿಲ್ಲ. ಪಕ್ಕದ ಆಫೀಸಿನವನು ಅದೇ ಬಿಲ್ಡಿಂಗಿನ ಮನೆಗೆ 'ತೆರೆದ ನೋಟ' ಹಾಕುತ್ತಾನೆ, ನಾನು 'ಎದುರಿಗೆ ಗೋಡೆ ಇದೆ' ಅಂತ ಹಾಕಿದರೆ ಫೋನ್ ಯಾರಿಗೆ ಬರುತ್ತದೆ? ಜನರೂ ಸುಮ್ನೆ ಇಲ್ಲ. ಅವರಿಗೂ ಗೊತ್ತು ಜಾಹೀರಾತಿನಲ್ಲಿ ನಾಲ್ಕಾಣೆ ಕಳೆದು ಓದಬೇಕು ಅಂತ. ಎಲ್ಲರೂ ಜಾಸ್ತಿ ಹೇಳುವ ಕಡೆ ಒಬ್ಬ ಸರಿಯಾಗಿ ಹೇಳಿದರೆ, ಓದುವವರು ಅದರಲ್ಲೂ ನಾಲ್ಕಾಣೆ ಕಳೆಯುತ್ತಾರೆ, ಅವನಿಗೆ ನಷ್ಟ. ಇದಕ್ಕೆ ಉತ್ತರ ಇದ್ದರೆ ಹೇಳಿ, ಕಾಲೆಳೆಯುತ್ತಿಲ್ಲ, ನಿಜಕ್ಕೂ ಕೇಳುತ್ತಿದ್ದೇನೆ.

ಹಳೇ_ದಲ್ಲಾಳಿ:

ಬಾಬು, ನೀನು ಹೇಳಿದ್ದು ಸುಳ್ಳಲ್ಲ. ಫೋನ್ ಕಡಿಮೆ ಬರುತ್ತದೆ. ನನಗೂ ಕಡಿಮೆಯಾಯಿತು. ಆದರೆ ನಮಗೆ ಕಮಿಷನ್ ಬರುವುದು ಫೋನಿಗಲ್ಲ. ಗೋಡೆ ಮುಚ್ಚಿಟ್ಟು ಹತ್ತು ಜನರನ್ನು ಕರೆಸಿದರೆ ಹತ್ತೂ ಜನ ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಾರೆ, ಹತ್ತು ಸಲ ನಾನು ಕೀಲಿ ತಂದು ಬೀಗ ತೆಗೆದು ಫ್ಯಾನ್ ಹಾಕಿ ನಿಂತಿರಬೇಕು. ಮೊದಲೇ ಹೇಳಿದರೆ ನಾಲ್ಕೇ ಜನ ಬರುತ್ತಾರೆ, ಆ ನಾಲ್ವರೂ ಗೋಡೆ ಇದೆ ಅಂತ ಗೊತ್ತಿದ್ದು ಬಂದವರು. ಪೆಟ್ರೋಲ್ ಲೆಕ್ಕ ನೀನೇ ಹಾಕು. ಪಕ್ಕದ ಆಫೀಸಿನವನ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಆ ನಷ್ಟ ಕೆಲವು ತಿಂಗಳು ಆಗಿಯೇ ಆಗುತ್ತದೆ.

ಇನ್ನೊಂದು, 'ಎದುರಿಗೆ ಗೋಡೆ ಇದೆ' ಅಂತ ತಲೆಬರಹ ಹಾಕು ಅಂತ ಯಾರು ಹೇಳಿದರು? ಮನೆಯಲ್ಲಿ ಚೆನ್ನಾಗಿರುವುದನ್ನು ಮೊದಲು, ದೊಡ್ಡದಾಗಿ ಬರೆ. ಅದು ನಮ್ಮ ಕೆಲಸವೇ. ಗೋಡೆಯನ್ನು ಅದರ ಜಾಗದಲ್ಲಿ ಒಂದು ಸಾಲಿನಲ್ಲಿ ಹೇಳು. 'ತೆರೆದ ನೋಟ' ಅಂತ ಅದಕ್ಕೆ ಉಲ್ಟಾ ಹೇಳಬೇಡ, ಅಷ್ಟೇ.

ದೂರದೂರು:

ನಾನು ಅಮೆರಿಕದಲ್ಲಿ ಒಂದು ಪ್ರಾಪರ್ಟಿ ಆಫೀಸಿನಲ್ಲಿ ಇದೇ ಜಾಹೀರಾತು ಬರೆಯುವ ಕೆಲಸ ಮಾಡಿದ್ದೇನೆ. 'ಇಂಥವರಿಗೆ ಮಾತ್ರ' ಅನ್ನುವುದನ್ನು ಯಾರೂ ಮುಟ್ಟಿಲ್ಲ, ಹಾಗಾಗಿ ಅದರ ಬಗ್ಗೆ ಬರೆಯುತ್ತೇನೆ.

ಅಲ್ಲಿ ಮೊದಲ ದಿನವೇ ಕಲಿಸುವುದು 1968ರ ಫೇರ್ ಹೌಸಿಂಗ್ ಆ್ಯಕ್ಟ್. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಮೊದಲಿನಿಂದ ಇತ್ತು, ಲಿಂಗವನ್ನು 1974ರಲ್ಲಿ, ಅಂಗವೈಕಲ್ಯ ಮತ್ತು ಮನೆಯಲ್ಲಿ ಮಕ್ಕಳಿರುವುದನ್ನು 1988ರಲ್ಲಿ ಸೇರಿಸಿದರು. ಇವುಗಳ ಮೇಲೆ ಇಂಥವರು ಬೇಕು, ಇಂಥವರು ಬೇಡ ಅಂತ ಸೂಚಿಸುವ ಜಾಹೀರಾತೇ ಕಾನೂನುಬಾಹಿರ. ಬೈಗುಳ ಬರೆಯಬೇಕಾಗಿಲ್ಲ, 'ಮಕ್ಕಳಿಲ್ಲದ ದಂಪತಿಗೆ ಹೇಳಿ ಮಾಡಿಸಿದ ಮನೆ' ಅಂದರೂ ಸಾಕು. ನಾನೇ ಒಮ್ಮೆ ಒಳ್ಳೆಯ ಮನಸ್ಸಿನಿಂದ 'ನಡೆದು ಹೋಗುವಷ್ಟು ಹತ್ತಿರದಲ್ಲಿ ಚರ್ಚ್, ನಂಬಿಕೆಯುಳ್ಳ ನೆರೆಹೊರೆ' ಅಂತ ಬರೆದಿದ್ದೆ. ಮ್ಯಾನೇಜರ್ ಕೆಂಪು ಪೆನ್ನಿನಲ್ಲಿ ಗೀಚಿ, ಪಕ್ಕದಲ್ಲಿ 'ಮನೆ ಹೇಗಿದೆ ಬರಿ, ಯಾರು ಬರಬೇಕು ಅಂತ ಬರೆಯಬೇಡ' ಅಂತ ಬರೆದು ಕೊಟ್ಟರು. ಆ ಹಾಳೆ ಬಹಳ ದಿನ ನನ್ನ ಮೇಜಿನ ಮೇಲಿತ್ತು. ನಿಮ್ಮ ಓನರ್‌ಗೂ ಅಷ್ಟೇ ಹೇಳಿ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇರಲಿ, ಆ ಸಾಲು ಓದಿದ ಮನುಷ್ಯನಿಗೆ ಆಗುವ ಅವಮಾನ ಎಲ್ಲ ಕಡೆ ಒಂದೇ. ಅದರ ಕೆಳಗೆ ಇರುವುದು ನಿಮ್ಮ ಫೋನ್ ನಂಬರ್, ಓನರದ್ದಲ್ಲ.

ಬರೆಯದೆಯೂ ಇದನ್ನೇ ಮಾಡಬಹುದು, ಅದು ಇನ್ನೂ ಅಪಾಯ. ಫೇಸ್‌ಬುಕ್ಕಿನಲ್ಲಿ ಜಾಹೀರಾತು ಹಾಕುವಾಗ ಯಾರಿಗೆ ಕಾಣಬೇಕು ಅಂತ ಆರಿಸುತ್ತೀರಲ್ಲ, ಅಲ್ಲಿ ಕೆಲವರನ್ನು ಬಿಟ್ಟುಬಿಟ್ಟರೆ ಅವರಿಗೆ ಆ ಮನೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಇದರ ಮೇಲೆ ಅಮೆರಿಕ ಸರ್ಕಾರ 2019ರಲ್ಲಿ ಫೇಸ್‌ಬುಕ್ ವಿರುದ್ಧ ಆರೋಪ ಹೊರಿಸಿತು. 2022ರಲ್ಲಿ ಫೇಸ್‌ಬುಕ್ಕಿನ ಮಾತೃಸಂಸ್ಥೆ ಮೆಟಾ ಜೊತೆ ರಾಜಿಯಾಗಿ, ಮನೆ ಜಾಹೀರಾತಿಗೆ ಬಳಸುತ್ತಿದ್ದ ಒಂದು ಸಾಧನವನ್ನೇ ಕಂಪನಿ ಕೈಬಿಡಬೇಕಾಯಿತು.

ಗೋಡೆ ವಿಷಯಕ್ಕೆ ಬಂದರೆ, ಬ್ರಿಟನ್ನಿನಲ್ಲಿ ಇದಕ್ಕೇ ಅಂತ 1991ರಲ್ಲಿ ಒಂದು ಕಾಯ್ದೆ ಮಾಡಿದ್ದರು, ಮನೆಯ ಬಗ್ಗೆ ಏಜೆಂಟರು ತಪ್ಪು ವರ್ಣನೆ ಕೊಡಬಾರದು ಅಂತ. ಯಾವ ಯಾವ ವಿಷಯ ಅಂತ ಪಟ್ಟಿಯೂ ಇತ್ತು, ಕಿಟಕಿಯ ನೋಟ, ಅಳತೆ, ಸೌಲಭ್ಯಗಳಿಗೆ ಇರುವ ದೂರ ಎಲ್ಲ ಅದರಲ್ಲಿತ್ತು. 2013ರಲ್ಲಿ ಅದನ್ನು ತೆಗೆದರು. ಏಜೆಂಟರು ಪಾರಾದರು ಅಂದುಕೊಳ್ಳಬೇಡಿ, ಆ ಹೊತ್ತಿಗೆ ಬಂದಿದ್ದ ಸಾಮಾನ್ಯ ಗ್ರಾಹಕ ಕಾನೂನು ಇನ್ನೂ ಅಗಲವಾಗಿತ್ತು, ಮುಖ್ಯ ಮಾಹಿತಿ ಬಿಡುವುದೂ ಅದರಲ್ಲಿ ತಪ್ಪಾಗಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ತೊಂದರೆ ಬೇರೆ. ಹರಾಜಿಗೆ ಜನ ಸೇರಿಸಲು ಬೆಲೆಯನ್ನೇ ಕಡಿಮೆ ಹೇಳುತ್ತಿದ್ದರು. 2017ರಿಂದ ಅಲ್ಲಿ ಇಷ್ಟರಿಂದ ಇಷ್ಟು ಅಂತ ಹೇಳುವ ಬೆಲೆಯ ಅಂತರ ಶೇಕಡಾ 10 ದಾಟುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿ 1ರಿಂದ, ಫೋಟೋದಲ್ಲಿ ಏನನ್ನಾದರೂ ಸೇರಿಸಿದರೆ, ಅಳಿಸಿದರೆ ಹಾಗಂತ ಹೇಳಬೇಕು, ಮೂಲ ಫೋಟೋ ನೋಡಲು ದಾರಿ ಕೊಡಬೇಕು. ಬೆಳಕು, ಬಣ್ಣ ಸರಿಪಡಿಸಿದರೆ ಪರವಾಗಿಲ್ಲ. ಹಳೇ_ದಲ್ಲಾಳಿ ಸಾರ್ ಮೇಲೆ ಹೇಳಿದ್ದೂ ಹೆಚ್ಚು ಕಡಿಮೆ ಇದೇ ಅಲ್ವಾ? ಅವರು ಗಡಿಯಾರ ನೋಡಿ ಕಲಿತರು, ಅಲ್ಲಿಯವರು ಮಸೂದೆ ತಂದರು.

ಕರಿಕೋಟು:

ಒಂದು ಬಿಟ್ಟುಹೋಗಿತ್ತು. ಫೋನ್ ಮಾಡಿದವರ ನಂಬರ್. ಒಂದು ಮನೆ ಕೇಳಲು ಕೊಟ್ಟ ನಂಬರಿಗೆ ಎರಡು ವರ್ಷ 'ಗುಡ್ ಮಾರ್ನಿಂಗ್, ಹೊಸ ಪ್ರಾಜೆಕ್ಟ್' ಕಳಿಸುವುದು, ಬ್ಯಾಂಕ್ ಲೋನಿನವರಿಗೆ ಆ ಪಟ್ಟಿ ಕೊಡುವುದು ಬೇಡ. ಯಾವುದಕ್ಕೆ ಕೊಟ್ಟರೋ ಅದಕ್ಕೆ ಮಾತ್ರ ಬಳಸಿ, ಬೇಡ ಅಂದರೆ ಅಳಿಸಿ. ಇದಕ್ಕೂ 2023ರಲ್ಲಿ ಕಾಯ್ದೆ ಬಂದಿದೆ. ನಿಮ್ಮದೇ ಮನೆ ಅಥವಾ ನೆಂಟರ ಮನೆ ಮಾರುತ್ತಿದ್ದರೆ ಅದನ್ನೂ ಮೊದಲೇ ಹೇಳಿಬಿಡಿ.

ಹೊಸ_ಏಜೆಂಟ್:

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಮೂರು ಸಲ ಓದಿದೆ. ನಿನ್ನೆ ಸಂಜೆ ಆಫೀಸಿನ ಕೀಲಿ ತೆಗೆದುಕೊಂಡು ಒಬ್ಬನೇ ಆ ಫ್ಲಾಟಿಗೆ ಹೋದೆ. ಟೇಪು ಹಿಡಿದವಳು ಮೇಡಂ ಹೇಳಿದ ಹಾಗೆ ರೂಮು ರೂಮು ಅಳೆದೆ. ಕಿಟಕಿಯಿಂದ ಗೋಡೆಗೂ ಅಳೆದೆ, ಐದೂವರೆ ಅಡಿ. ಅಡುಗೆಮನೆಗೆ ಮತ್ತು ದೊಡ್ಡ ಬೆಡ್‌ರೂಮಿಗೆ ಬಿಸಿಲು ಚೆನ್ನಾಗಿ ಬರುತ್ತದೆ ಅಂತ ಪಕ್ಕದ ಮನೆಯ ಅಜ್ಜಿ ಹೇಳಿದರು. ಸುಮ್ನೆ ನಂಬಬಾರದು ಅಂತ ಇವತ್ತು ಬೆಳಗ್ಗೆ ಮತ್ತೆ ಹೋಗಿ ನೋಡಿದೆ, ನಿಜ. ಅದನ್ನು ಜಾಹೀರಾತಿನಲ್ಲಿ ಯಾರೂ ಹಾಕಿರಲೇ ಇಲ್ಲ!

ಈಗ ಬರೆದದ್ದು ಹೀಗಿದೆ:

'ಎರಡು ಬೆಡ್‌ರೂಮ್, ಮೂರನೇ ಮಹಡಿ, ಲಿಫ್ಟ್ ಇದೆ. ಅಡುಗೆಮನೆ ಮತ್ತು ದೊಡ್ಡ ಬೆಡ್‌ರೂಮಿಗೆ ಬೆಳಗಿನ ಬಿಸಿಲು. ಹಾಲ್ ಕಿಟಕಿ ಪಕ್ಕದ ಕಟ್ಟಡದ ಕಡೆಗೆ, ನಡುವೆ ಐದೂವರೆ ಅಡಿ. ಕಾರ್ಪೆಟ್ ಏರಿಯಾ ಮೊದಲು ಕೊಟ್ಟಿದ್ದೇವೆ, ಸೂಪರ್ ಬಿಲ್ಟ್ ಅಪ್ ಅದರ ಪಕ್ಕದಲ್ಲಿ. ಫೋಟೋಗಳನ್ನು ತಿದ್ದಿಲ್ಲ.'

ಸೀನಿಯರ್‌ಗೆ ಮೆಸೇಜ್ ಹಾಕಿದೆ, 'ಹೀಗೆ ಬದಲಿಸಲೇ ಸಾರ್' ಅಂತ. ಅರ್ಧ ಗಂಟೆ ನೀಲಿ ಟಿಕ್ ಮಾತ್ರ. ಆಮೇಲೆ ಫೋನ್ ಮಾಡಿ ಐದೂವರೆ ಅಡಿ ಅನ್ನುವುದನ್ನು ತೆಗೆ ಅಂದರು. ಸ್ಕ್ರೀನ್‌ಶಾಟ್, 12ನೇ ಸೆಕ್ಷನ್ ಅಂತೆಲ್ಲ ಹೇಳಿದೆ. 'ಅದು ಬಿಲ್ಡರಿಗೆ ಕಣಯ್ಯಾ, ಇದು ಹಳೇ ಮನೆ' ಅಂದರು. ಅಲ್ಲಿ ನಾನು ಸಿಕ್ಕಿಬಿದ್ದೆ. ಕೊನೆಗೆ ಅಡಿ ಲೆಕ್ಕ ಹೋಯಿತು, 'ಪಕ್ಕದ ಕಟ್ಟಡದ ಕಡೆಗೆ' ಉಳಿಯಿತು, ಕಿಟಕಿಯದ್ದು ಪರದೆ ಪೂರ್ತಿ ಸರಿಸಿದ ಫೋಟೋ ಹಾಕಿದೆವು. ಮಾರಿಹೋದ ಎರಡು ಲಿಸ್ಟಿಂಗ್ ತೆಗೆದೆ, ಅದನ್ನು ಅವರಿಗೆ ಇನ್ನೂ ಹೇಳಿಲ್ಲ. 'ಇಂಥವರಿಗೆ ಮಾತ್ರ' ಓನರ್ ಹತ್ತಿರ ನಾಳೆ ಮಾತಾಡಬೇಕು.

ಕರಿಕೋಟು:

ನಿಮ್ಮ ಸೀನಿಯರ್ ಅಲ್ಲಿ ಹೇಳಿದ್ದು ಸರಿಯೇ. 12 ಬಿಲ್ಡರ್‌ಗೆ. ಆದರೆ ಕಮಿಷನ್ ತೆಗೆದುಕೊಂಡು ನೀವು ಕೊಡುವುದು ಸೇವೆ, ಸೇವೆಯ ಜಾಹೀರಾತು ಗ್ರಾಹಕ ಕಾಯ್ದೆಗೆ ಬರುತ್ತದೆ, ಮನೆ ಹಳೆಯದಾದರೂ ಸರಿ. ಮುಂದಿನ ಸಲ ಅದನ್ನು ಹೇಳಿ.

ಹಳೇ_ದಲ್ಲಾಳಿ:

ಫೋಟೋ 0.5ರಲ್ಲಿ ತೆಗೆದಿಲ್ಲ ತಾನೇ? ಗೋಡೆಯಲ್ಲಿ ಗಡಿಯಾರ ಇದ್ದರೆ ಒಮ್ಮೆ ನೋಡು.

ಹೊಸ_ಏಜೆಂಟ್:

ಈ ಮನೆಯಲ್ಲಿ ಗಡಿಯಾರವೇ ಇಲ್ಲ ಅಣ್ಣಾ. ಸ್ವಿಚ್ ಬೋರ್ಡ್ ನೋಡಿದೆ, ಚೌಕವಾಗಿಯೇ ಇದೆ.